ಬಿಡಿ ಅಚ್ಚಿನ ಕೆಲಸವೂ ಕನ್ನಡ ಪುಸ್ತಕವೂ: ಸಣ್ಣ ಅಚ್ಚುಕೂಟಗಳ ಚರಿತ್ರೆಗೆ ಒಂದು ಪೀಠಿಕೆ

1

ಕನ್ನಡ ಮುದ್ರಣದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಪುಸ್ತಕಗಳ ಮುಖಪುಟಗಳನ್ನೇ ಆಧಾರವಾಗಿಟ್ಟುಕೊಂಡು ಅದನ್ನು ಬರೆದಿದ್ದಾರೆ. 1817ರಲ್ಲಿ ಸಿರಾಂಪುರದಲ್ಲಿ ಅಚ್ಚಾದ ವಿಲಿಯಂ ಕೇರಿಯ ಕನ್ನಡ ವ್ಯಾಕರಣ, 1843ರ ಜುಲೈ 1ರಂದು ಮಂಗಳೂರಿನಲ್ಲಿ ಹೊರಬಂದ ‘ಮಂಗಳೂರ ಸಮಾಚಾರ’, 1872ರಲ್ಲಿ ಕಿಟ್ಟೆಲರು ಸಂಪಾದಿಸಿದ ‘ಶಬ್ದಮಣಿದರ್ಪಣ’, 1894ರಲ್ಲಿ ಪ್ರಕಟವಾದ ಅವರ ಮಹಾನಿಘಂಟು—ಇವು ಆ ಚರಿತ್ರೆಯ ಮೈಲಿಗಲ್ಲುಗಳು. ಇವುಗಳ ಮಹತ್ತ್ವವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅಚ್ಚುಕೂಟವೆಂಬುದು ಗ್ರಂಥಗಳ ಜನ್ಮಸ್ಥಾನವಾಗಿರುವಂತೆಯೇ ಒಂದು ವ್ಯಾಪಾರವೂ ಆಗಿದ್ದಿತು. ಅದಕ್ಕೆ ಬಾಡಿಗೆಯುಂಟು, ಕೆಲಸಗಾರರ ಸಂಬಳವುಂಟು, ಮೊಳೆಯೆರಕದವನ ಸಾಲವುಂಟು, ಕಾಗದದ ವರ್ತಕನ ಬಾಕಿಯುಂಟು. ತಿಂಗಳ ಕೊನೆಯಲ್ಲಿ ಇವೆಲ್ಲವನ್ನೂ ತೀರಿಸಲು ಹಣ ಎಲ್ಲಿಂದ ಬರುತ್ತಿದ್ದಿತು?

ಈ ಪ್ರಶ್ನೆಗೆ ಪುಸ್ತಕಗಳ ಮುಖಪುಟಗಳು ಉತ್ತರ ಕೊಡವು. ಉತ್ತರವಿರುವುದು ಲಗ್ನಪತ್ರಿಕೆ, ರಸೀದಿ ಪುಸ್ತಕ, ನಾಟಕದ ಹಸ್ತಪತ್ರ, ಶಾಲೆಯ ಹಾಜರಿ ಪುಸ್ತಕ, ಅಂಗಡಿಯ ಬಿಲ್ಲು, ಸಹಕಾರ ಸಂಘದ ಷೇರುಪತ್ರ ಮುಂತಾದ ಕ್ಷುಲ್ಲಕವೆನಿಸುವ ಕಾಗದಗಳಲ್ಲಿ. ಕಸುಬಿನವರು ಇದನ್ನು ‘ಜಾಬ್ ಕೆಲಸ’ವೆನ್ನುತ್ತಿದ್ದರು, ಇಲ್ಲಿ ‘ಬಿಡಿ ಕೆಲಸ’ವೆಂದು ಕರೆಯೋಣ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಇಪ್ಪತ್ತನೆಯ ಶತಮಾನದ ಎಂಬತ್ತರ ದಶಕದವರೆಗೆ ನಮ್ಮ ಸಣ್ಣ ಊರುಗಳಲ್ಲಿ ಕನ್ನಡ ಪುಸ್ತಕ ಅಚ್ಚಾಗಲು ಸಾಧ್ಯವಾದುದು ಈ ಬಿಡಿ ಕೆಲಸದ ಆಶ್ರಯದಿಂದಲೇ ಎಂಬುದನ್ನೂ, ಆ ಆಶ್ರಯಕ್ಕೆ ಪುಸ್ತಕವು ಒಂದು ಬೆಲೆಯನ್ನು ತೆರಬೇಕಾಯಿತೆಂಬುದನ್ನೂ ತೋರಿಸುವುದು ಈ ಪ್ರಬಂಧದ ಉದ್ದೇಶ.

2

ಅಚ್ಚಿನ ಕಾಗದ ಬರುವುದಕ್ಕೆ ಮುಂಚೆ ನಮ್ಮ ವರ್ತಕರೂ ಶಾನುಭೋಗರೂ ಲೆಕ್ಕವಿಲ್ಲದೆ ಇದ್ದವರಲ್ಲ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ‘ಕಡತ’ದ ಮೇಲೆ ಬಳಪದಿಂದ ಬರೆಯುವ ಪದ್ಧತಿ ಕನ್ನಡ ನಾಡಿನಲ್ಲಿ ಬಹುಕಾಲ ನಡೆದುಬಂದಿತು. ಬೇಡವಾದ ಬರಹವನ್ನು ಅಳಿಸಿ ಮತ್ತೆ ಬರೆಯಬಹುದಾಗಿದ್ದುದು ಅದರ ಅನುಕೂಲ. ಹತ್ತೊಂಬತ್ತನೆಯ ಶತಮಾನದ ಆಡಳಿತವು ಬೇಡಿದುದು ಇದಕ್ಕೆ ವಿರುದ್ಧವಾದುದನ್ನು: ಅಳಿಸಲಾಗದ ಬರಹವನ್ನು, ಎಲ್ಲ ಊರುಗಳಲ್ಲಿಯೂ ಒಂದೇ ಕ್ರಮದಲ್ಲಿ ಗೆರೆ ಹಾಕಿದ ನಮೂನೆಗಳನ್ನು, ಕ್ರಮಸಂಖ್ಯೆಯಿರುವ ರಸೀದಿಗಳನ್ನು. 1854ರ ವಿದ್ಯಾಭ್ಯಾಸದ ಆದೇಶಪತ್ರದ ತರುವಾಯ ಶಾಲೆಗಳು ಸರ್ಕಾರದ ಸಹಾಯಧನವನ್ನು ಪಡೆಯತೊಡಗಿದಾಗ ಹಾಜರಿಯೂ ಲೆಕ್ಕವೂ ತನಿಖೆಗೆ ಒಳಪಟ್ಟುವು. ನ್ಯಾಯಸ್ಥಾನ, ಅಂಚೆ, ರೈಲು, ಪುರಸಭೆ—ಪ್ರತಿಯೊಂದೂ ತನ್ನ ನಮೂನೆಗಳನ್ನು ತಂದಿತು. ಕಡತವು ಹಿಂದೆ ಸರಿಯಿತು. ಅಚ್ಚಾದ ನಮೂನೆ ಮುಂದೆ ಬಂದಿತು.

ಈ ಬೇಡಿಕೆಯನ್ನು ಪೂರೈಸಲು ಯಾವ ಬಗೆಯ ಅಚ್ಚು ತಕ್ಕುದು ಎಂಬ ಪ್ರಶ್ನೆಯೂ ಇಲ್ಲಿಯೇ ಹುಟ್ಟುತ್ತದೆ. ಬಾಸೆಲ್ ಮಿಷನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಸ್ಥಾಪಿಸಿದುದು ಕಲ್ಲಚ್ಚಿನ ಮುದ್ರಣಾಲಯ. ಕಲ್ಲಚ್ಚಿನಲ್ಲಿ ಜಿಡ್ಡಿನ ಮಸಿಯಿಂದ ಬರೆದ ಬರಹ ಸುಣ್ಣಕಲ್ಲಿನ ಮೇಲೆ ಮೂಡಿ ಕಾಗದಕ್ಕೆ ಇಳಿಯುತ್ತದೆ. ಒತ್ತಕ್ಷರವಾಗಲಿ ಕಾಗುಣಿತವಾಗಲಿ ಅಲ್ಲಿ ತೊಡಕಲ್ಲ. ಒಳ್ಳೆಯ ಬರಹಗಾರನಿದ್ದರೆ ಸಾಕು. ಮೋಗ್ಲಿಂಗರ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನಲ್ಲಿಯೇ ಹೊರಬಂದು, ಮರುವರ್ಷ ಬಳ್ಳಾರಿಗೆ ಹೋಗಿ, ‘ಕನ್ನಡ ಸಮಾಚಾರ’ವೆಂಬ ಹೆಸರಿನಿಂದ ಮೊಳೆಯಚ್ಚಿನಲ್ಲಿ ಮುಂದುವರಿಯಿತು. ಮಂಗಳೂರಿನಲ್ಲಿ ಮೊಳೆಯಚ್ಚು ನೆಲೆಗೊಂಡುದು 1850ರ ದಶಕದ ಆರಂಭದಲ್ಲಿ, ಪ್ಲೆಬ್ಸ್ಟ್ ಎಂಬ ಯಂತ್ರಕುಶಲಿಯ ಕಾಲದಲ್ಲಿ. ಇದೇ ವ್ಯಕ್ತಿ 1865ರಲ್ಲಿ ಅಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದುದು ಪ್ರಸಿದ್ಧವಾಗಿದೆ.

ಬಿಡಿ ಕೆಲಸಕ್ಕೆ ಹೊಂದಿಕೊಂಡುದು ಮೊಳೆಯಚ್ಚು. ಕಲ್ಲಿನ ಮೇಲೆ ಒಂದು ಹೆಸರನ್ನು ಬದಲಿಸಬೇಕಾದರೂ ಆ ಭಾಗವನ್ನು ಉಜ್ಜಿ ಮತ್ತೆ ಬರೆಯಬೇಕು. ಮೊಳೆಯಚ್ಚಿನಲ್ಲಾದರೋ ರಸೀದಿಯ ಚೌಕಟ್ಟು ಹಾಗೆಯೇ ನಿಂತಿರುತ್ತದೆ. ಅಂಗಡಿಯ ಹೆಸರನ್ನು ತೆಗೆದು ಮತ್ತೊಂದನ್ನು ಕೂಡಿಸಿದರಾಯಿತು. ಕೆಲಸ ಮುಗಿದ ಮೇಲೆ ಮೊಳೆಗಳು ತಮ್ಮ ತಮ್ಮ ಮನೆಗಳಿಗೆ ಹಿಂದಿರುಗಿ ನಾಳೆಯ ಕೆಲಸಕ್ಕೆ ಸಿದ್ಧವಾಗುತ್ತವೆ. ಸ್ವಲ್ಪ ಬಂಡವಾಳವನ್ನು ಮತ್ತೆ ಮತ್ತೆ ದುಡಿಸುವ ಈ ಗುಣವೇ ಸಣ್ಣ ಊರಿನ ಉದ್ಯಮಿಗೆ ಅದನ್ನು ಎಟುಕುವಂತೆ ಮಾಡಿತು.

3

ಆದರೆ ಅದೇ ಗುಣ ಪುಸ್ತಕಕ್ಕೆ ಹೇಗೆ ತೊಡಕಾಯಿತೆಂಬುದನ್ನು ತಿಳಿಯಬೇಕಾದರೆ ಮೊಳೆಗಳ ಲೆಕ್ಕವನ್ನು ಸ್ವಲ್ಪ ನೋಡಬೇಕು. ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ, ಅಂಕಿ, ವಿರಾಮ ಚಿಹ್ನೆಗಳೆಲ್ಲವೂ ಎರಡು ಕೇಸುಗಳಲ್ಲಿ ಅಡಗುತ್ತವೆ. ಕನ್ನಡದಲ್ಲಿ ವ್ಯಂಜನಗಳು, ಅವುಗಳ ಕಾಗುಣಿತದ ರೂಪಗಳು, ಒತ್ತಕ್ಷರಗಳು, ಬಿಡಿಯಾಗಿ ಎರಕ ಹೊಯ್ದ ಸಂಯುಕ್ತಾಕ್ಷರಗಳು—ಇವೆಲ್ಲ ಸೇರಿ ಮೊಳೆಗಳ ಜಾತಿಗಳೇ ನೂರಾರು. ಯಾವ ಜಾತಿಯೂ ಕೊರತೆಯಾಗದಂತೆ ಇಡಬೇಕಾದುದರಿಂದ ಒಂದು ಸಾಧಾರಣ ಕನ್ನಡ ಅಚ್ಚುಕೂಟಕ್ಕೆ ಅದೇ ಪ್ರಮಾಣದ ಇಂಗ್ಲಿಷ್ ಅಚ್ಚುಕೂಟಕ್ಕಿಂತ ಹೆಚ್ಚು ಸೀಸ ಬೇಕಾಗುತ್ತಿದ್ದಿತು. ಮೊಳೆ ಜೋಡಿಸುವವನು ಕೈಚಾಚಬೇಕಾದ ದೂರವೂ ಹೆಚ್ಚು. ಅವನು ಕಲಿಯಬೇಕಾದ ಕಾಲವೂ ಹೆಚ್ಚು.

ಸೀಸ, ಆಂಟಿಮನಿ, ತವರಗಳ ಮಿಶ್ರಲೋಹದಿಂದಾದ ಮೊಳೆಯು ನಾಲ್ಕು ಚದರ ಅಂಗುಲಕ್ಕೆ ಸುಮಾರು ಒಂದು ಪೌಂಡು ತೂಗುವುದೆಂಬುದು ಕಸುಬಿನ ಹಳೆಯ ಲೆಕ್ಕ. ಆರು ಅಂಗುಲ ಉದ್ದ, ಮೂರು ಮುಕ್ಕಾಲು ಅಂಗುಲ ಅಗಲದ ಒಂದು ಡೆಮಿ ಅಷ್ಟಪತ್ರದ ಪುಟಕ್ಕೆ ಐದೂವರೆ ಪೌಂಡಿಗೆ ಮೇಲ್ಪಟ್ಟು ಮೊಳೆ ಹಿಡಿಯುತ್ತದೆ. 160 ಪುಟಗಳ ಒಂದು ಕಾದಂಬರಿಯನ್ನು ಪೂರ್ತಿಯಾಗಿ ಜೋಡಿಸಿಡಬೇಕಾದರೆ ಸುಮಾರು 900 ಪೌಂಡು ಮೊಳೆ ಬೇಕು. ಕೇಸುಗಳಲ್ಲಿ ಉಳಿಯಬೇಕಾದುದು ಬೇರೆ. ಒಂದೇ ಪುಸ್ತಕಕ್ಕೆ ಇಷ್ಟು ಲೋಹವನ್ನು ಸುರಿಯುವ ಶಕ್ತಿ ಸಣ್ಣ ಅಚ್ಚುಕೂಟಕ್ಕೆ ಇರಲಿಲ್ಲ. ಆದುದರಿಂದ ನಾಲ್ಕು ಪುಟಗಳನ್ನೋ ಎಂಟು ಪುಟಗಳನ್ನೋ ಜೋಡಿಸಿ, ಕರಡು ತಿದ್ದಿಸಿ, ಅಚ್ಚು ಹಾಕಿ, ಮೊಳೆಗಳನ್ನು ಬಿಡಿಸಿ ಕೇಸುಗಳಿಗೆ ಹಂಚಿದ ಮೇಲೆಯೇ ಮುಂದಿನ ಪುಟಗಳಿಗೆ ಕೈಹಾಕಬೇಕಾಗಿದ್ದಿತು. ಲೇಖಕನು ಕರಡನ್ನು ಹಿಂದಿರುಗಿಸುವುದು ಒಂದು ವಾರ ತಡವಾದರೆ ಒಂದು ವಾರ ಮೊಳೆ ಬಂಧನದಲ್ಲಿರುತ್ತಿದ್ದಿತು. ಮೊದಲ ಅಧ್ಯಾಯ ಅಚ್ಚಾಗಿ ಮೊಳೆ ಬಿಚ್ಚಿಹೋದ ಮೇಲೆ ಕೊನೆಯ ಅಧ್ಯಾಯವನ್ನು ಓದುವಾಗ ಕಂಡ ತಪ್ಪನ್ನು ತಿದ್ದಲು ದಾರಿಯೇ ಇರಲಿಲ್ಲ. ಹಳೆಯ ಕನ್ನಡ ಪುಸ್ತಕಗಳ ಕೊನೆಯ ಉದ್ದನೆಯ ‘ತಪ್ಪೊಪ್ಪೋಲೆ’ಗಳನ್ನು ಅಜಾಗ್ರತೆಯ ಫಲವೆಂದು ಎಣಿಸುವ ಮುನ್ನ ಈ ಕಾರಣವನ್ನು ನೆನೆಯಬೇಕು.

ಯಂತ್ರದ ಲೆಕ್ಕವೂ ಇದನ್ನೇ ಹೇಳುತ್ತದೆ. ಡೆಮಿ ಫೋಲಿಯೊ ಅಳತೆಯ, ಕಾಲಿನಿಂದ ತುಳಿಯುವ ಟ್ರೆಡಲ್ ಯಂತ್ರದಲ್ಲಿ ಒಂದು ಸಲಕ್ಕೆ ನಾಲ್ಕು ಪುಟ ಅಚ್ಚಾಗುತ್ತದೆ. 160 ಪುಟಗಳ ಪುಸ್ತಕದ 1000 ಪ್ರತಿಗಳಿಗೆ 40 ಫಾರಂಗಳು. ಅಂದರೆ 40,000 ಒತ್ತುಗಳು. ಗಂಟೆಗೆ ಸಾವಿರದಂತೆ ನುರಿತ ಕೈ ಹಾಳೆಯಿಟ್ಟರೂ ಬರಿಯ ಓಟಕ್ಕೇ ಎಂಟು ಗಂಟೆಗಳ ಐದು ದಿನ ಬೇಕು. ಇದರ ಜೊತೆಗೆ ಪ್ರತಿ ಫಾರಮನ್ನೂ ಯಂತ್ರಕ್ಕೆ ಹೊಂದಿಸುವ, ಒತ್ತಡವನ್ನು ಸಮಮಾಡುವ, ಮಸಿ ಸರಿಪಡಿಸುವ ಹೊತ್ತನ್ನು 40 ಸಲ ಸೇರಿಸಬೇಕು. 300 ಲಗ್ನಪತ್ರಿಕೆಗಳು ಒಂದು ಗಂಟೆಯೊಳಗಿನ ಓಟ. ಲಗ್ನಪತ್ರಿಕೆಯವರು ಮುಂಗಡ ಕೊಡುತ್ತಾರೆ. ಮುಹೂರ್ತ ತಪ್ಪುವಂತಿಲ್ಲವಾದುದರಿಂದ ಬಾಕಿಯನ್ನೂ ಕೊಟ್ಟು ಒಯ್ಯುತ್ತಾರೆ. ಪುಸ್ತಕದ ಹಣವಾದರೋ ಪುಸ್ತಕ ಮಾರಿದ ಮೇಲೆ ಬರಬೇಕು. ಗಳಗನಾಥರಂತಹ ಜನಪ್ರಿಯ ಕಾದಂಬರಿಕಾರರೇ ತಮ್ಮ ಪುಸ್ತಕಗಳನ್ನು ಹೊತ್ತು ಊರೂರು ಅಲೆದು ಮಾರಿದ ಕಾಲದಲ್ಲಿ ಮುದ್ರಕನು ಪುಸ್ತಕವನ್ನೇ ನಂಬಿ ಅನ್ನ ಕಾಣುವುದು ಹೇಗೆ?

4

ಆದುದರಿಂದಲೇ ಸಣ್ಣ ಅಚ್ಚುಕೂಟವು ಅನೇಕ ಕಡೆ ಒಂದು ಕಾಗದದ ಅಂಗಡಿಯನ್ನು ಮುಂದಿಟ್ಟುಕೊಂಡು ಬೆಳೆಯಿತು. ಬೀದಿಗೆ ಮುಖಮಾಡಿ ಅಂಗಡಿ. ಅದರ ಹಿಂದೆ ಕೇಸುಗಳ ಸಾಲು. ಇನ್ನೂ ಹಿಂದೆ ಯಂತ್ರ ಮತ್ತು ಕಟ್ಟುವವರ ಜಗಲಿ. ಅಂಗಡಿಯಲ್ಲಿ ದಸ್ತಿನ ಲೆಕ್ಕದಲ್ಲಿ ಕಾಗದ, ಮಸಿಪುಡಿ, ಲೆಕ್ಕಣಿಕೆ, ಸ್ಲೇಟು, ಬಳಪ, ಲಕೋಟೆ, ಅರಗು, ಕಿರ್ದಿ ಖಾತೆಯ ಪುಸ್ತಕಗಳು. ಈ ಎರಡು ವ್ಯಾಪಾರಗಳು ಒಂದನ್ನೊಂದು ಸಾಕಿದ ಬಗೆ ಗಮನಾರ್ಹವಾಗಿದೆ. 24 ಹಾಳೆಗಳ ದಸ್ತು 20 ಸೇರಿದರೆ 480 ಹಾಳೆಗಳ ಒಂದು ರೀಮು. ರೀಮಿನ ದರದಲ್ಲಿ ಕೊಂಡ ಕಾಗದವನ್ನು ದಸ್ತಿನ ದರದಲ್ಲಿ ಮಾರಿದಾಗ ಬರುವ ಲಾಭ ಒಂದು. ಅದೇ ಕಾಗದವನ್ನು ಕತ್ತರಿಸಿ, ಗೆರೆ ಹಾಕಿಸಿ, ಹೊಲಿದು ನೋಟುಪುಸ್ತಕ ಮಾಡಿದಾಗ ಬರುವ ಲಾಭ ಮತ್ತೊಂದು. ಲಗ್ನಪತ್ರಿಕೆಯ ಅಂಚಿನಿಂದ ಉಳಿದ ತುಂಡುಗಳು ಚೀಟಿಪುಸ್ತಕವಾಗುತ್ತಿದ್ದುವು. ಕೆಟ್ಟ ಹಾಳೆಗಳು ಪುಸ್ತಕಗಳ ಬೆನ್ನಿಗೆ ಅಂಟುತ್ತಿದ್ದುವು. ಹೊಸ ನಮೂನೆ ಬೇಕಾದ ಗಿರಾಕಿ ಮಸಿ ಕೊಳ್ಳಲು ಬಂದವನೇ ಆಗಿರುತ್ತಿದ್ದನು.

ವರ್ಷದ ಕೆಲಸ ಪಂಚಾಂಗವನ್ನು ಅನುಸರಿಸಿ ನಡೆಯುತ್ತಿದ್ದಿತು. ಯುಗಾದಿಗೆ ಮುಂಚೆ ಪಂಚಾಂಗ, ಮಾಘದಿಂದ ಜ್ಯೇಷ್ಠದವರೆಗೆ ಮದುವೆ ಮುಂಜಿಗಳ ಪತ್ರಿಕೆ, ಶಾಲೆಗಳು ತೆರೆಯುವ ವೇಳೆಗೆ ನೋಟುಪುಸ್ತಕ, ಭಾದ್ರಪದದಲ್ಲಿ ಗಣೇಶೋತ್ಸವದ ಕಾರ್ಯಕ್ರಮಪತ್ರ ಮತ್ತು ವಂತಿಗೆಯ ರಸೀದಿ, ಉತ್ತರ ಕರ್ನಾಟಕದಲ್ಲಿ ದೀಪಾವಳಿಯ ಪಾಡ್ಯಕ್ಕೆ ಹೊಸ ಲೆಕ್ಕದ ಪುಸ್ತಕ, ಡಿಸೆಂಬರಿನಲ್ಲಿ ಕ್ಯಾಲೆಂಡರು. ಮದುವೆಯ ಕಾಲ ಬಂದಿತೆಂದರೆ ‘ಶ್ರೀ’, ‘ಚಿ’, ‘ಸೌ’ ಎಂಬ ಮೊಳೆಗಳಿಗೆ ಬರ. ಅರ್ಧ ಜೋಡಿಸಿದ ಕಾವ್ಯದ ಪುಟ ಅಂತಹ ವೇಳೆಯಲ್ಲಿ ದಾರದಿಂದ ಬಿಗಿಸಿಕೊಂಡು ಮೂಲೆಯಲ್ಲಿ ಕಾಯಬೇಕು. ಮದುವೆಗಳಿಲ್ಲದ ಆಷಾಢ, ಅಧಿಕಮಾಸ, ಪುಷ್ಯಗಳು ಪುಸ್ತಕದ ಪಾಲಿಗೆ ಬರುತ್ತಿದ್ದುವು. ಒಂದರ್ಥದಲ್ಲಿ ಹೇಳುವುದಾದರೆ, ಶುಭಕಾರ್ಯಗಳಿಗೆ ವರ್ಜ್ಯವಾದ ತಿಂಗಳುಗಳು ಸಾಹಿತ್ಯಕ್ಕೆ ಒದಗಿದುವು.

5

ಈ ಸಾಮಾನ್ಯ ಚಿತ್ರವನ್ನು ಒಂದು ಊರಿನಲ್ಲಿಟ್ಟು ನೋಡುವುದು ಲೇಸು. ಗದಗನ್ನು ‘ಮುದ್ರಣಕಾಶಿ’ಯೆಂದು ಕರೆಯುವ ವಾಡಿಕೆಯುಂಟು. ಅದು ರಾಜಧಾನಿಯಾಗಿರಲಿಲ್ಲ, ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯ ಒಂದು ತಾಲೂಕಿನ ಊರು. ಜಿಲ್ಲೆಯ ವಿದ್ಯಾಕೇಂದ್ರ ಧಾರವಾಡ. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದುದು ಅಲ್ಲಿ. ಹೀಗಿರುವಾಗ ಗದಗಿನಲ್ಲಿ ಅಚ್ಚುಕೂಟಗಳು ಹೇಗೆ ಬೇರೂರಿದುವು? ಕಾರಣಗಳನ್ನು ಊರಿನ ವ್ಯಾಪಾರ ಜೀವನದಲ್ಲಿ ಹುಡುಕಬೇಕು.

ಹತ್ತಿಯ ಪೇಟೆಯಾಗಿದ್ದ ಗದಗಿಗೆ ಹತ್ತೊಂಬತ್ತನೆಯ ಶತಮಾನದ ಎಂಬತ್ತರ ದಶಕದಲ್ಲಿ ರೈಲುದಾರಿ ಬಂದು, ಅದು ಒಂದು ಕೂಡುನಿಲ್ದಾಣವಾಯಿತು. ಅಡತಿಯ ಅಂಗಡಿಗೆ ಬಿಲ್ಲು, ಪಾವತಿ, ಕಿರ್ದಿ, ಖಾತೆ ಬೇಕು. 1904ರ ಸಹಕಾರ ಕಾಯಿದೆಯ ಮರುವರ್ಷ, 1905ರಲ್ಲಿ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ನಾಡಿನ ಮೊದಲ ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ಸಹಕಾರ ಸಂಘವೆಂದರೆ ಷೇರುಪತ್ರ, ಸಾಲದ ಪತ್ರ, ರಸೀದಿ, ಸಭೆಯ ನೋಟೀಸು, ವಾರ್ಷಿಕ ವರದಿ. ಸದಸ್ಯರು ರೈತರಾದುದರಿಂದ ಇವೆಲ್ಲ ಕನ್ನಡದಲ್ಲಿಯೇ ಇರಬೇಕು. ಇನ್ನೊಂದು ಕಡೆ ವೃತ್ತಿನಾಟಕ ಮಂಡಳಿಗಳು. ಗರೂಡ ಸದಾಶಿವರಾಯರ ಮಂಡಳಿಯ ನೆಲೆ ಗದಗು. ನಾಟಕ ಬದಲಾದಂತೆಲ್ಲ ಹೊಸ ಹಸ್ತಪತ್ರ ಬೇಕು, ಬಾಗಿಲಲ್ಲಿ ಮಾರಲು ಹಾಡಿನ ಪುಸ್ತಕ ಬೇಕು, ಟಿಕೀಟು ಬೇಕು. ವ್ಯಾಪಾರ, ಸಹಕಾರ, ನಾಟಕ—ಈ ಮೂರು ತೊರೆಗಳು ವರ್ಷವಿಡೀ ಹರಿದುಬರುವ ಊರಿನಲ್ಲಿ ಮೊಳೆ ಜೋಡಿಸುವವನ ಕೈ ಬಿಡುವಾಗುತ್ತಿರಲಿಲ್ಲ. ಕೆಲಸ ಬಲ್ಲ ಕೈಗಳು ಒಂದು ಊರಿನಲ್ಲಿ ನೆಲೆಸಿದ ಮೇಲೆ ಪುರಾಣ, ವಚನ, ಶಾಲಾಪುಸ್ತಕಗಳ ಪ್ರಕಾಶಕರು ಅಲ್ಲಿಗೆ ಬರುವುದು ಸಹಜವೇ ಸರಿ. ಮೊದಲು ನಮೂನೆ, ಅನಂತರ ಪುಸ್ತಕ: ಗದಗಿನ ನಿದರ್ಶನ ಸೂಚಿಸುವ ಕ್ರಮ ಇದು.

ಇದಕ್ಕೆ ಒಂದು ಆಕ್ಷೇಪಣೆ ಬರಬಹುದು. ಮಿಷನ್ ಮುದ್ರಣಾಲಯಗಳು, ಮೈಸೂರಿನ ಸರ್ಕಾರಿ ಮುದ್ರಣಾಲಯ, 1916ರಲ್ಲಿ ಆರಂಭವಾದ ಬೆಂಗಳೂರು ಪ್ರೆಸ್ಸು ಮುಂತಾದುವು ದೊಡ್ಡ ಗ್ರಂಥಗಳನ್ನು ಅಚ್ಚುಮಾಡಲಿಲ್ಲವೆ? ಮಾಡಿದುವು. ಆದರೆ ಅಲ್ಲಿಯೂ ಗ್ರಂಥಕ್ಕೆ ಆಸರೆ ಬೇರೆ ಕಡೆಯಿಂದ ಬಂದಿತು. ಮಿಷನ್ನಿಗೆ ಧರ್ಮಪ್ರಸಾರದ ನಿಧಿಯೂ ಶಾಲಾಪುಸ್ತಕಗಳ ಬೇಡಿಕೆಯೂ ಇದ್ದುವು, ಸರ್ಕಾರಕ್ಕೆ ಖಜಾನೆಯಿದ್ದಿತು, ಬೆಂಗಳೂರು ಪ್ರೆಸ್ಸಿನ ಹೆಸರನ್ನು ಮನೆಮನೆಯ ಗೋಡೆಗೆ ಮುಟ್ಟಿಸಿದುದು ಅದರ ಕ್ಯಾಲೆಂಡರು. ಕಿಟ್ಟೆಲರ ನಿಘಂಟಿನಂತಹ ಕೃತಿಯನ್ನು ಪುಸ್ತಕ ಮಾರಾಟದ ಬಲದಿಂದಲೇ ಅಚ್ಚುಮಾಡಬಲ್ಲ ಮುದ್ರಣಾಲಯ ಆ ಕಾಲದಲ್ಲಿ ಇರಲಿಲ್ಲ. ದೊಡ್ಡದಕ್ಕೂ ಸಣ್ಣದಕ್ಕೂ ಇರುವ ಭೇದ ಆಸರೆಯ ಸ್ವರೂಪದಲ್ಲಿ ಮಾತ್ರ.

6

ಇಷ್ಟು ಮುಖ್ಯವಾದ ಕೆಲಸ ಚರಿತ್ರೆಯ ಕಣ್ಣಿಗೆ ಬೀಳದಿರಲು ಕಾನೂನೂ ಒಂದು ಕಾರಣ. 1867ರ ಮುದ್ರಣಾಲಯ ಮತ್ತು ಪುಸ್ತಕಗಳ ನೋಂದಣಿ ಕಾಯಿದೆಯ ಮೇರೆಗೆ ಅಚ್ಚುಕೂಟದ ಒಡೆಯನು ಮ್ಯಾಜಿಸ್ಟ್ರೇಟರ ಮುಂದೆ ಘೋಷಣೆ ಮಾಡಬೇಕಾಗಿದ್ದಿತು. ಅಚ್ಚಾದ ಕಾಗದದ ಮೇಲೆ ಮುದ್ರಕನ ಹೆಸರೂ ಸ್ಥಳವೂ ಇರಬೇಕಾಗಿದ್ದಿತು. ಪುಸ್ತಕಗಳ ಪ್ರತಿಗಳನ್ನು ಸರ್ಕಾರಕ್ಕೆ ಒಪ್ಪಿಸಬೇಕಾಗಿದ್ದಿತು. ಒಪ್ಪಿಸಿದ ಪುಸ್ತಕಗಳ ಪಟ್ಟಿಗಳು ಮೂರು ತಿಂಗಳಿಗೊಮ್ಮೆ ಪ್ರಕಟವಾದುವು. ಇಂದಿನ ಸಂಶೋಧಕರು ಆಧರಿಸುವುದು ಆ ಪಟ್ಟಿಗಳನ್ನು. ರಸೀದಿ ಪುಸ್ತಕವನ್ನಾಗಲಿ ಲಗ್ನಪತ್ರಿಕೆಯನ್ನಾಗಲಿ ಯಾರೂ ಯಾವ ಪಟ್ಟಿಗೂ ಸೇರಿಸಲಿಲ್ಲ. ಹೀಗಾಗಿ ಪುಸ್ತಕಕ್ಕೆ ಸಾಕ್ಷಿಯಿದೆ, ಪುಸ್ತಕವನ್ನು ಸಾಕಿದುದಕ್ಕೆ ಸಾಕ್ಷಿಯಿಲ್ಲ. ಆ ಕಾಯಿದೆಯನ್ನು ರದ್ದುಗೊಳಿಸಿದ 2023ರ ಹೊಸ ಕಾಯಿದೆ 2024ರ ಮಾರ್ಚಿನಲ್ಲಿ ಜಾರಿಗೆ ಬಂದಿತು.

ಕಾನೂನಿನ ಮತ್ತೊಂದು ಮುಖ ಇನ್ನೂ ಕಠಿನವಾದುದು. 1910ರ ಪ್ರೆಸ್ ಕಾಯಿದೆಯ ಪ್ರಕಾರ ಹೊಸದಾಗಿ ಅಚ್ಚುಕೂಟ ತೆರೆಯುವವನಿಂದ 500ರಿಂದ 2000 ರೂಪಾಯಿಗಳವರೆಗೆ ಜಾಮೀನು ಹಣ ಕೇಳಬಹುದಾಗಿದ್ದಿತು. ಅಧಿಕಾರಿಗಳಿಗೆ ಸಲ್ಲದ ಬರಹವನ್ನು ಅಚ್ಚುಮಾಡಿದರೆ ಆ ಹಣ ಮುಟ್ಟುಗೋಲು. ಮತ್ತೆ ತೆರೆಯಬೇಕಾದರೆ 1000ದಿಂದ 10,000 ರೂಪಾಯಿ. ಕಾಲುಯಂತ್ರ ಒಂದನ್ನು, ಕೆಲವು ಕೇಸು ಮೊಳೆಗಳನ್ನು ಸಾಲಮಾಡಿ ತಂದವನಿಗೆ ಈ ಮೊತ್ತದ ಅರ್ಥವೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಕಾಯಿದೆ 1922ರಲ್ಲಿ ರದ್ದಾದರೂ 1931ರ ತುರ್ತು ಅಧಿಕಾರಗಳ ಕಾಯಿದೆಯಿಂದ ಜಾಮೀನಿನ ಭಯ ಹಿಂದಿರುಗಿತು. ರಾಷ್ಟ್ರೀಯ ಚಳವಳಿಯ ಒಂದು ಕರಪತ್ರವನ್ನು ಅಚ್ಚುಮಾಡಲು ಒಪ್ಪಿದ ಮುದ್ರಕನು ಪಣಕ್ಕಿಟ್ಟುದು ತನ್ನ ಮನೆಯ ಅನ್ನವನ್ನು, ತನ್ನ ಕೆಲಸಗಾರರ ಅನ್ನವನ್ನು. ಒಪ್ಪದವನನ್ನು ಹೇಡಿಯೆನ್ನುವ ಮೊದಲು ಅವನ ಲೆಕ್ಕದ ಪುಸ್ತಕವನ್ನು ನೋಡುವುದು ನ್ಯಾಯ. ಬಿಡಿ ಕೆಲಸವು ಅಚ್ಚುಕೂಟಕ್ಕೆ ಜೀವ ಕೊಟ್ಟಿತು. ಅದೇ ಅದನ್ನು ಪೇಟೆಗೂ ಕಚೇರಿಗೂ ಅಧೀನವಾಗಿಯೂ ಇಟ್ಟಿತು. ಪುಸ್ತಕವು ತೆತ್ತ ಬೆಲೆಯೆಂದು ಆರಂಭದಲ್ಲಿ ಹೇಳಿದುದು ಇದನ್ನು ಸೇರಿಸಿಕೊಂಡೇ.

7

ಎರಡನೆಯ ಮಹಾಯುದ್ಧದ ಕಾಲದ ಕಾಗದದ ಬರವನ್ನು ಈ ಅಚ್ಚುಕೂಟಗಳು ದಾಟಿದುವು. 1936ರಲ್ಲಿ ಸ್ಥಾಪಿತವಾದ ಭದ್ರಾವತಿಯ ಮೈಸೂರು ಕಾಗದದ ಕಾರ್ಖಾನೆಯೂ ಅನಂತರ ದಾಂಡೇಲಿಯ ಕಾರ್ಖಾನೆಯೂ ನಾಡಿನೊಳಗೇ ಕಾಗದ ತಯಾರಿಸಿದುವು. ಅವುಗಳನ್ನು ಕೊನೆಗಾಣಿಸಿದುದು ಆಫ್‌ಸೆಟ್ ಯಂತ್ರ ಮತ್ತು ಗಣಕಯಂತ್ರದ ಅಕ್ಷರಜೋಡಣೆ. 1980ರ ದಶಕದಿಂದ ಮುಂದಕ್ಕೆ ಬಿಡಿ ಕೆಲಸ ಮೊದಲು ಕೈಬಿಟ್ಟಿತು. ಅದನ್ನು ನೆಮ್ಮಿದ್ದ ಮೊಳೆಯಚ್ಚಿನ ಪುಸ್ತಕ ಬೆನ್ನ ಹಿಂದೆಯೇ ಹೋಯಿತು. ಮೊಳೆಗಳನ್ನು ಲೋಹದ ಬೆಲೆಗೆ ತೂಕಕ್ಕೆ ಹಾಕಿದರು. ಗಣಕದಲ್ಲಿ ಒತ್ತಕ್ಷರಕ್ಕೆ ತೂಕವಿಲ್ಲ. ನೂರಾರು ಮನೆಗಳ ಕೇಸೂ ಬೇಕಾಗಿಲ್ಲ. ಕನ್ನಡ ಪುಸ್ತಕಕ್ಕೆ ಇದರಿಂದ ಲಾಭವೇ ಆಗಿದೆ. ಹಳೆಯದು ಮರಳಲಿ ಎಂದು ಹಂಬಲಿಸುವುದು ಚರಿತ್ರಕಾರನ ಕೆಲಸವಲ್ಲ.

ಆದರೆ ಆಕರಗಳನ್ನು ಉಳಿಸಿಕೊಳ್ಳುವುದು ಅವನ ಕೆಲಸ. ಮುದ್ರಕರ ಆರ್ಡರು ಪುಸ್ತಕಗಳು, ಕೂಲಿಯ ಲೆಕ್ಕಗಳು, ಮೊಳೆಯೆರಕದವರ ಮಾದರಿ ಪುಸ್ತಕಗಳು ಹಳೆಯ ಅಚ್ಚುಕೂಟಗಳ ಅಟ್ಟಗಳಲ್ಲಿ ಇನ್ನೂ ಅಲ್ಲಲ್ಲಿ ಉಳಿದಿರಬಹುದು. ಮನೆಗಳ ಪೆಟ್ಟಿಗೆಗಳಲ್ಲಿ ಅಜ್ಜ ಅಜ್ಜಿಯರ ಲಗ್ನಪತ್ರಿಕೆಗಳುಂಟು. ಅವುಗಳ ಕೆಳಅಂಚಿನಲ್ಲಿ ಅಚ್ಚುಕೂಟದ ಹೆಸರೂ ಊರೂ ಇರುವುದು ಅಪರೂಪವಲ್ಲ, ಮದುವೆಯ ತಾರೀಖಂತೂ ಇದ್ದೇ ಇರುತ್ತದೆ. ಹಳೆಯ ಪುಸ್ತಕಗಳ ಸಡಿಲವಾದ ಬೆನ್ನಿನೊಳಗೆ ಅಂಟಿಸಿದ ರದ್ದಿಹಾಳೆಗಳನ್ನು ಮತ್ತೆ ಕಟ್ಟಿಸುವ ಮುನ್ನ ಓದಿ ನೋಡಬಹುದು. ಒಂದು ಕಾಲೇಜಿನ ವಿದ್ಯಾರ್ಥಿಗಳು ಒಂದು ತಾಲೂಕಿನ 50 ಮನೆಗಳ ಇಂತಹ ಕಾಗದಗಳನ್ನು ನೋಡಿ ಹೆಸರು, ಊರು, ವರ್ಷಗಳನ್ನು ಬರೆದಿಟ್ಟರೆ, ಯಾವ ಸರ್ಕಾರಿ ಪಟ್ಟಿಯಲ್ಲಿಯೂ ಸಿಗದ ಅಚ್ಚುಕೂಟಗಳ ನಕ್ಷೆಯೊಂದು ಸಿದ್ಧವಾಗುತ್ತದೆ. ಮೊಳೆ ಜೋಡಿಸಿ ಬದುಕಿದ ವೃದ್ಧರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಕೇಸಿನ ವಿನ್ಯಾಸವನ್ನು, ಅವರ ಮಾತುಗಳನ್ನು ಅವರಿಂದಲೇ ಕೇಳಿ ಬರೆದುಕೊಳ್ಳಲು ಉಳಿದಿರುವ ಕಾಲ ಬಹಳವಿಲ್ಲ. ಆ ಕೆಲಸ ಗ್ರಂಥಭಂಡಾರದಲ್ಲಿ ಕುಳಿತು ಆಗುವಂತಹುದಲ್ಲ. ಊರಿನ ಪೇಟೆಬೀದಿಯಿಂದಲೇ ಅದನ್ನು ಆರಂಭಿಸಬೇಕು.